ತೊಳೆಯದೆ ಇಟ್ಟ ಸ್ವೆಟರ್

ಕಂಡವರ ಕೊಳೆಯನ್ನೆಲ್ಲ ತೊಳೆದುಕೊಡುವ ಆ ಲಾಂಡ್ರಿ ಮನೆಯಲ್ಲಿ ತೊಳೆಯದ ಬಟ್ಟೆ ಅಂತ ಇದ್ದದ್ದು ಒಂದೇ, ಮಗಳ ಹಳದಿ ಸ್ವೆಟರ್. ಚಳಿಗಾಲದಲ್ಲಿ ಜ್ವರ ಬಂದು ಮಗಳು ತೀರಿಕೊಂಡ ಮೇಲೆ ತಾಯಿ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಬಿಗಿದು, ಬೀರುವಿನ ಮೂಲೆಗೆ ತುರುಕಿದ್ದಳು. ಗಂಡ ಒಗೆಯುವುದರಲ್ಲಿ ಮುಳುಗಿದ್ದಾಗ ಇಸ್ತ್ರಿ ಬಿಟ್ಟು ಬಂದು, ಗಂಟು ಬಿಚ್ಚಿ ಮೂಗಿಡುತ್ತಿದ್ದಳು. ಬೆವರಿದ ತಲೆ, ಪೆನ್ಸಿಲ್ ಸಿಪ್ಪೆ, ಮಗಳು! ಗಂಡನಿಗೆ ಹೇಳಿರಲಿಲ್ಲ. ಮಗಳ ಮಾತೆತ್ತಿದರೆ ಆ ಮನುಷ್ಯ ಬಕೆಟ್ ಎತ್ತಿಕೊಂಡು ಹಿತ್ತಲು ಸೇರಿಬಿಡುತ್ತಿದ್ದ.

ಅಷ್ಟರಲ್ಲಿ ಬೀದಿಯ ಮರಗಳು ಹೂ ಬಿಟ್ಟವು. ಊರಿಗೆಲ್ಲ ಸಂಭ್ರಮ, ಇವಳಿಗೆ ಮಾತ್ರ ಗ್ರಹಚಾರ. ಪ್ರತಿ ವರ್ಷದಂತೆ ಸೀನು, ಕಣ್ಣುರಿ, ಮೂಗು ಬಂದ್. ಕವರು ಬಿಚ್ಚಿದರೆ ಏನೂ ಇಲ್ಲ. ಹೂವಿನ ಕಾಲ ಮುಗಿಯುವವರೆಗೆ ಆ ವಾಸನೆ ಇವಳಿಗಾಗಿ ಕಾದಿರುತ್ತದೆಯೇ? ಮಾತ್ರೆ ನುಂಗಿ, ತೂಕಡಿಸಿ, ಯಾರದೋ ಒಳ್ಳೆಯ ಅಂಗಿ ಸುಟ್ಟಿದ್ದೊಂದೇ ಬಂದ ಲಾಭ. ಕೊನೆಗೆ ಗಂಡನ ಜೊತೆ ಅಕ್ಯುಪಂಕ್ಚರ್ ಡಾಕ್ಟರಮ್ಮನ ಹತ್ತಿರ ಹೋದಳು.

ಡಾಕ್ಟರಮ್ಮ ಮೂಗಿನ ಅಕ್ಕಪಕ್ಕ, ಹುಬ್ಬಿನ ನಡುವೆ, ಹೆಬ್ಬೆರಳಿನ ಬುಡದಲ್ಲಿ ಕೂದಲೆಳೆಯಂಥ ಸೂಜಿ ಚುಚ್ಚಿದರು.

"ಬೇಗ ವಾಸ್ನೆ ಬರೋ ಹಾಗ್ಮಾಡಿ ಡಾಕ್ಟ್ರೇ."

"ಎಲ್ರೂ ಸೀನು ನಿಲ್ಸಿ ಅಂತಾರೆ, ನೀವೊಬ್ರು ವಾಸ್ನೆ ಕೇಳ್ತೀರಲ್ಲ!" ಡಾಕ್ಟರಮ್ಮ ನಕ್ಕು, ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿದರು. "ಇವರು ಮಲಗೋ ರೂಮಲ್ಲಿ ಧೂಳು ಇರಬಾರ್ದು. ಬಟ್ಟೆಗಿಟ್ಟೆ ಎಲ್ಲ ಒಗೆದುಬಿಡಿ."

"ಅದಕ್ಕೇನಂತೆ, ನಮ್ಮ ಕಸುಬೇ ಅದು!"

ಮಗಳು ಹೋದಮೇಲೆ ಅವನ ದನಿಯಲ್ಲಿ ಅಂಥ ಹುರುಪು ಕೇಳಿರಲಿಲ್ಲ. ಮಗಳಿಗಂತೂ ಏನೂ ಮಾಡಲಾಗಲಿಲ್ಲ, ಹೆಂಡತಿಗಾದರೂ ಮಾಡುವಂಥ ಕೆಲಸವೊಂದು ಪಾಪ ಅವನಿಗೆ ಸಿಕ್ಕಿತ್ತು. ಹೊದಿಕೆ ಒಗೆಯುತ್ತಾನೆ, ಒಗೆಯಲಿ ಬಿಡು ಅಂದುಕೊಂಡು ಅವಳು ಕಣ್ಣು ಮುಚ್ಚಿದಳು.

ಹೀಗೇ ಹೋಗಿಬರುತ್ತಿರುವಾಗ ಒಂದು ಮಧ್ಯಾಹ್ನ, ಸೂಜಿ ತೆಗೆಯುತ್ತಿದ್ದಂತೆ ಸ್ಪಿರಿಟ್ ಹತ್ತಿಯ ಘಾಟು ಮೂಗಿಗೆ ಬಡಿಯಿತು.

"ಬಂತು ಡಾಕ್ಟ್ರೇ, ಬಂತು!"

ಚಪ್ಪಲಿ ಸರಿಯಾಗಿ ಹಾಕಿಕೊಳ್ಳದೆ ಓಡಿದಳು. ದಾರಿಯಲ್ಲಿ ಪೆಟ್ರೋಲು, ಹೊಸ ಬಣ್ಣ, ಕರಿದ ಎಣ್ಣೆ. ಅದ್ಯಾವುದೂ ಅವಳಿಗೆ ಬೇಕಿರಲಿಲ್ಲ.

ಮನೆಯಲ್ಲಿ ಬೀರು ಬಾಯಿ ತೆರೆದು ನಿಂತಿತ್ತು. ಹೊದಿಕೆಯಾಗಿ, ಪರದೆಯಾಗಿ, ಅವತ್ತು ಬೀರುವಿನ ಸರದಿ ಬಂದಿತ್ತು.

ಹಿತ್ತಲಿನ ನೆರಳಲ್ಲಿ ಟವಲಿನ ಮೇಲೆ ಹಳದಿ ಸ್ವೆಟರ್ ಅಂಗಾತ ಮಲಗಿತ್ತು. ತಂತಿಗೆ ಹಾಕಿದರೆ ಉಣ್ಣೆ ಜೋತುಬೀಳುತ್ತದೆಂದು ಅವನು ತೋಳುಗಳನ್ನು ನೇರಮಾಡಿ ಹರಡಿದ್ದ.

"ಮಷಿನ್‌ಗೆ ಹಾಕ್ಲಿಲ್ಲ ಕಣೇ," ಅಂದ. "ತಣ್ಣೀರಲ್ಲಿ, ಕೈಯಲ್ಲೇ ಒಗೆದೆ. ಕತ್ತಿನ ಪಟ್ಟಿ ತುಂಬಾ ಕೊಳೆ. ಊರವರದ್ದೆಲ್ಲ ಒಗೀತೀವಿ, ನಮ್ಮ ಕೂಸಿಂದು ಹಾಗೇ ಉಳಿದುಬಿಟ್ಟಿತ್ತಲ್ಲೇ..." ಮಗಳು ಹೋದಮೇಲೆ ಅವಳ ಬಗ್ಗೆ ಅವನು ಬಾಯಿಬಿಟ್ಟದ್ದು ಅದೇ ಮೊದಲು.

ಅವಳು ಕುಸಿದು ಕೂತು ಸ್ವೆಟರಿಗೆ ಮುಖ ಒತ್ತಿದಳು. ಒದ್ದೆ ಉಣ್ಣೆ. ಸೋಪು. ಮತ್ತೆ ಮತ್ತೆ ಉಸಿರೆಳೆದಳು. ಬರೀ ಸೋಪು. ಏನು ಮಾಡಿಬಿಟ್ರಿ ಅನ್ನುವ ಮಾತು ತುಟಿಯವರೆಗೆ ಬಂತು. ತಲೆಯೆತ್ತಿದರೆ ಗಂಡನ ಕೈಗಳು ಕಂಡವು, ನೀರಲ್ಲಿ ನೆನೆದು ಬೆಳ್ಳಗಾಗಿ ಸುಕ್ಕುಗಟ್ಟಿದ್ದವು.

"ಮೂಗು ಬಿಡ್ತಾ?" ಅವನು ಆಸೆಯಿಂದ ಕೇಳಿದ. "ವಾಸ್ನೆ ಬರ್ತಿದ್ಯಾ?"

"ಇಲ್ಲ ರೀ," ಅಂದಳು. "ಏನೂ ಬರ್ತಿಲ್ಲ."

"ಕಣ್ಣಲ್ಲೂ ಸುರೀತಿದೆಯಲ್ಲೇ. ಹಾಳು ಹೂವು!" ಅವನು ಪಕ್ಕದಲ್ಲಿ ಕೂತು ಅಂಗಿಯ ತುದಿಯಿಂದ ಅವಳ ಮುಖ ಒರೆಸಿದ. "ನಾಳೆ ಮತ್ತೆ ಹೋಗಿ ಸೂಜಿ ಹಾಕಿಸ್ಕೊಂಡು ಬರೋಣ."

"ಹೂಂ," ಅಂದಳು.