ಹೆಸರು ಬದಲಾಯಿಸಲಾಗಿದೆ

ಆನ್‌ಲೈನ್ ಆಟದ ಗುಂಪಿನಲ್ಲಿ ‘ತಲೆಹರಟೆ’ ಎಂಬ ಹೆಸರಿನವನು ಹಾಕಿದ್ದ ಸಂದೇಶ ಓದಿದಾಗ ಅವಳ ಬಾಯಲ್ಲಿದ್ದ ಕಾಫಿ ಗಂಟಲಿಗಿಳಿಯುವುದನ್ನು ಮರೆತು ಅಲ್ಲೇ ನಿಂತಿತು.

‘ಅಣ್ಣಂದಿರೇ, ಅಕ್ಕಂದಿರೇ! ನಮ್ಮ ಮುಲಾಮಕ್ಕ ನಮ್ಮ ಮೇಲೆ ಬರೆದಿರೋ ಪ್ರಬಂಧ ಸಿಕ್ಬಿಡ್ತು. ಯೂನಿವರ್ಸಿಟಿ ವೆಬ್‌ಸೈಟಲ್ಲೇ ಇದೆ. ನಾಳೆ ಮಧ್ಯಾಹ್ನ ಕೋಟೆ ಕಾಳಗ ಮುಗಿಸಿ ಎಲ್ಲರೂ ಕೂತು ಓದೋಣ. ಹೆಸರೆಲ್ಲ ಬದಲಾಯಿಸಿಬಿಟ್ಟಿದ್ದಾಳೆ ಮಹಾತಾಯಿ. ಯಾರು ಯಾರು ಅಂತ ಕೆದಕಿ ತೆಗೆಯೋದೇ ಆಟ!’

ಅದರ ಕೆಳಗೆ ಸಾಲುಸಾಲಾಗಿ ನಗುವ ಮುಖಗಳು, ಎತ್ತಿದ ಹೆಬ್ಬೆರಳುಗಳು. ಯಾರೋ ‘ನಾನು ಹೀರೋನಾ ವಿಲನ್ನಾ?’ ಎಂದು ಕೇಳಿದ್ದರು.

ಮುಲಾಮು ಎಂದರೆ ಅವಳೇ. ಆಟದಲ್ಲಿ ಗಾಯಗೊಂಡವರಿಗೆ ಮದ್ದು ಹಚ್ಚುವ ಪಾತ್ರ ಅವಳದು. ಹೊರಗೆ, ಸಮಾಜಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುತ್ತಿರುವ ಹುಡುಗಿ. ಆನ್‌ಲೈನ್ ಆಟಗಳಲ್ಲಿ ಮುಖ ನೋಡದವರು ಹೇಗೆ ಒಬ್ಬರಿಗೊಬ್ಬರು ಆಗಿಬರುತ್ತಾರೆ ಎಂಬುದು ಅವಳ ವಿಷಯ. ಕಳ್ಳತನದಿಂದ ಸೇರಿಕೊಂಡವಳಲ್ಲ. ಬಂದ ದಿನವೇ ‘ನಾನು ಸಂಶೋಧನೆಗೆ ಬಂದಿದ್ದೀನಿ, ನಿಮ್ಮ ಮಾತು ಬರೆದುಕೊಳ್ಳಬಹುದಾ?’ ಎಂದು ಕೇಳಿ ಒಪ್ಪಿಸಿದ್ದಳು. ಹೊಸಬರು ಬಂದಾಗಲೆಲ್ಲ ಮತ್ತೆ ಕೇಳಿದ್ದಳು. ಎಷ್ಟು ಸಲ ಕೇಳಿದ್ದಳೆಂದರೆ, ಕೊನೆಕೊನೆಗೆ ಅವಳು ಕೇಳುವ ಮೊದಲೇ ತಲೆಹರಟೆ ‘ಒಪ್ಪಿಗೆ ಇದೆ ತಾಯಿ, ಮೊದಲು ಮದ್ದು ಹಚ್ಚು’ ಎನ್ನುತ್ತಿದ್ದ.

ಹೀಗೆ ಎಲ್ಲ ನೆಟ್ಟಗೇ ಇದ್ದರೂ ಈಗ ಅವಳು ಹೆದರಿದ್ದು ಗುಂಪಿನ ಇಬ್ಬರಿಗಾಗಿ: ಬಂಡೆ ಮತ್ತು ಇಣಚಿ.

ಬಂಡೆಯನ್ನು ನಂಬಿ ಗುಂಪಿಗೆ ಗುಂಪೇ ಅವನ ಬೆನ್ನಹಿಂದೆ ನಿಲ್ಲುತ್ತಿತ್ತು. ಕಾಳಗದಲ್ಲಿ ಮುಂದೆ ನಿಂತು ಏಟು ತಿನ್ನುವುದು ಅವನ ಕೆಲಸ. ತಿನ್ನುತ್ತಲೇ ಒಂದೊಂದು ಮಾತು ಟೈಪ್ ಮಾಡಿ ಹಾಕಿದನೆಂದರೆ ಉಳಿದವರು ನಕ್ಕು ನಕ್ಕು ಗುರಿ ತಪ್ಪುತ್ತಿದ್ದರು. ಮೈಕು ಮಾತ್ರ ಎಂದೂ ಹಾಕಿದವನಲ್ಲ. ಹೊರಗೆ ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು ಎಂದಷ್ಟೇ ಎಲ್ಲರಿಗೂ ಗೊತ್ತು.

ಇಣಚಿ ಸೇರಿದ್ದು ಆಮೇಲೆ. ಆಸ್ಪತ್ರೆಯೊಂದರಲ್ಲಿ ದಿನವಿಡೀ ಫೋನ್ ಎತ್ತಿ ಉತ್ತರಿಸುವ ಕೆಲಸದವಳು. ಒಮ್ಮೆ ಉಳಿದವರೆಲ್ಲ ಮುರಿದ ಕತ್ತಿ ರಿಪೇರಿ ಮಾಡಿಸಿಕೊಳ್ಳುತ್ತ ನಿಂತಿದ್ದಾಗ, ಮುಲಾಮಿಗೆ ಮಾತ್ರ ಕಾಣುವಂತೆ ಬರೆದಿದ್ದಳು:

‘ಒಂದು ಹೇಳ್ಲಾ? ಬಂಡೆ ನಮ್ಮನೆಯವರು.’

‘ಅಂದ್ರೆ?’

‘ಅಂದ್ರೆ ಏನು, ಗಂಡ! ಆಚೆ ಕೋಣೇಲಿ ಕೂತು ಆಡ್ತಿದ್ದಾರೆ. ನಾನು ಇಲ್ಲಿ ಬಾಗಿಲು ಹಾಕ್ಕೊಂಡು ಮೊಬೈಲಲ್ಲಿ ಆಡ್ತಿದ್ದೀನಿ. ಧಾರಾವಾಹಿ ನೋಡ್ತಿದ್ದಾಳೆ ಅಂದ್ಕೊಂಡಿದ್ದಾರೆ ಪಾಪ.’

ಬಂಡೆಗೆ ಉಗ್ಗು ಎಂದು ಇಣಚಿ ತನ್ನ ಕತೆ ಹೇಳಿಕೊಂಡಳು. ಮದುವೆಯಾದ ಹೊಸತರಲ್ಲಿ ಅವನ ಮಾತು ತಡವರಿಸಿದಾಗಲೆಲ್ಲ, ಪ್ರೀತಿಗೋ ಅವಸರಕ್ಕೋ, ಅವಳೇ ಅವನ ವಾಕ್ಯವನ್ನು ಮುಗಿಸಿಬಿಡುತ್ತಿದ್ದಳು. ಬರಬರುತ್ತ ಅವನು ವಾಕ್ಯ ಶುರುಮಾಡುವುದನ್ನೇ ಬಿಟ್ಟ. ‘ಊಟ’, ‘ಹೂಂ’, ‘ಬರ್ತೀನಿ’ ಇಷ್ಟರಲ್ಲೇ ಸಂಸಾರ ಸಾಗಿತ್ತು. ಒಂದು ದಿನ ಅವನು ನೀರು ಕುಡಿಯಲು ಎದ್ದುಹೋದಾಗ ಪರದೆಯ ಮೇಲೆ ಅವನ ಮಾತುಗಳನ್ನು ಕಂಡಳು. ಹೊಳೆಯ ಹಾಗೆ ಹರಿಯುತ್ತಿದ್ದವು. ಆ ಹೊಳೆಗೆ ತಾನೂ ಇಳಿಯಬೇಕೆಂದು ಬೇರೆ ಹೆಸರಿನಲ್ಲಿ ಬಂದಳು. ಅವನು ಇಣಚಿಗೆ ಬರೆದದ್ದರಲ್ಲಿ ಒಂದು ಮಾತು ಅವಳನ್ನು ಕತ್ತರಿಸಿ ಹಾಕಿತ್ತು: ‘ನನ್ನ ಹೆಂಡ್ತಿ ಒಳ್ಳೆಯವಳು. ಆದ್ರೆ ನನ್ನ ಮಾತನ್ನ ನನಗಿಂತ ಮೊದಲು ಅವಳೇ ಆಡಿಬಿಡ್ತಾಳೆ.’

‘ಈಗ ಮನೇಲಿ ನಾಲಿಗೆ ಕಚ್ಚಿ ಹಿಡ್ಕೊಳ್ಳೋದು ಕಲಿತಾ ಇದ್ದೀನಿ’ ಎಂದಿದ್ದಳು ಇಣಚಿ. ‘ಇದನ್ನೂ ಬರ್ಕೊಳ್ತೀರಾ?’

‘ಬರ್ಕೋಬಹುದಾ?’

‘ಹೆಸರು ಹಾಕದೆ ಬರ್ಕೊಳ್ಳಿ. ಯಾರಿಗಾದ್ರೂ ಬುದ್ಧಿ ಬರ್ಲಿ.’

ಬರೆದಿದ್ದಳು. ಪ್ರಬಂಧದಲ್ಲಿ ಎಲ್ಲರಿಗೂ ಹಣ್ಣಿನ ಹೆಸರಿಟ್ಟಿದ್ದಳು. ತಲೆಹರಟೆ ದಾಳಿಂಬೆ, ಇಣಚಿ ದ್ರಾಕ್ಷಿ. ‘ದ್ರಾಕ್ಷಿಯ ಗಂಡ ಇದೇ ಗುಂಪಿನಲ್ಲಿದ್ದಾನೆ, ಅವನಿಗೆ ಇದು ತಿಳಿಯದು’ ಎಂದು ಒಂದು ಪ್ಯಾರಾ. ಅದರ ಮೊದಲಿಗೆ ದ್ರಾಕ್ಷಿ ಎಲ್ಲರೆದುರು ನಗೆಯಾಡುತ್ತ ಟೈಪ್ ಮಾಡಿದ್ದ ಮಾತನ್ನು ಒಂದಕ್ಷರವೂ ಬದಲಿಸದೆ ಇಳಿಸಿದ್ದಳು: ‘ಊರವರ ಫೋನಿಗೆಲ್ಲ ಉತ್ತರ ಕೊಡ್ತೀನಿ, ಮನೇಲಿ ಮಾತ್ರ ನನ್ನ ಮಾತು ಬಿಕರಿ ಆಗಲ್ಲ ಕಣ್ರಪ್ಪಾ.’ ಜನರ ಮಾತನ್ನು ಅವರದೇ ಧಾಟಿಯಲ್ಲಿ ಕೊಡಬೇಕು ಎಂಬುದು ಅವಳ ಹೆಮ್ಮೆ.

ಈ ಗುಂಪಿಗೆ ಒಂದು ಚಟವಿತ್ತು. ಅದಕ್ಕೆ ಅವರಿಟ್ಟ ಹೆಸರು ಕೆದಕಾಟ. ಯಾರಾದರೂ ‘ನಾನು ಹಾಗೆ ಅಂದೇ ಇಲ್ಲ’ ಎಂದರೆ ಸಾಕು, ಉಳಿದವರು ಎರಡು ಪದ ಹಿಡಿದು ಗುಂಪಿನ ಹಳೆಯ ಮಾತುಗಳಲ್ಲೆಲ್ಲ ಹುಡುಕಿ, ಎಂದೋ ಆಡಿದ ಮಾತನ್ನು ಜುಟ್ಟು ಹಿಡಿದು ಎಳೆತಂದು ಎಲ್ಲರೆದುರು ನಿಲ್ಲಿಸುತ್ತಿದ್ದರು. ಇದರ ಮೇಲೆ ಅವಳು ಒಂದು ಅಧ್ಯಾಯವನ್ನೇ ಬರೆದು ಶಹಬ್ಬಾಸ್ ಅನ್ನಿಸಿಕೊಂಡಿದ್ದಳು. ಅದೇ ಬೆರಳುಗಳು ನಾಳೆ ತನ್ನ ಪ್ರಬಂಧದ ಮಾತುಗಳನ್ನೂ ಅದೇ ಹುಡುಕುವ ಪೆಟ್ಟಿಗೆಗೆ ಹಾಕಬಲ್ಲವು ಎಂಬುದು ಮಾತ್ರ ಹೊಳೆದಿರಲಿಲ್ಲ. ‘ಮಾತು ಬಿಕರಿ’ ಎಂದು ಒತ್ತಿದರೆ ಇಣಚಿ ಕಣ್ಣೆದುರು. ಇಣಚಿಯ ಗಂಡ ಗುಂಪಿನಲ್ಲೇ ಇದ್ದಾನೆ ಎಂದು ಓದಿದ ಬಂಡೆಗೆ, ಆಸ್ಪತ್ರೆಯ ಫೋನಿನವಳು ಯಾರೆಂದು ತಿಳಿಯಲು ಎಷ್ಟು ಹೊತ್ತು? ಬಾಯಿಬಿಡಲು ಅವನಿಗೆ ಇದ್ದದ್ದು ಒಂದೇ ಜಾಗ. ಅಲ್ಲಿಯೂ ಹೆಂಡತಿ ಕಿವಿಯಿಟ್ಟು ಕೂತಿದ್ದಳು ಎಂದು ಹತ್ತು ಜನರೆದುರು ಗೊತ್ತಾದರೆ?

ಕೂಡಲೇ ಇಣಚಿಗೆ ಬರೆದಳು: ‘ತುರ್ತಾಗಿ ಮಾತಾಡಬೇಕು.’ ಉತ್ತರವಿಲ್ಲ. ಫೋನ್ ನಂಬರು ಗೊತ್ತಿಲ್ಲ. ಆಟದ ಹೊರಗಿನ ಗುರುತು ಕೇಳಬಾರದೆಂಬ ನಿಯಮ ಅವಳೇ ಹಾಕಿಕೊಂಡದ್ದು. ಚಪ್ಪಲಿ ಮೆಟ್ಟಿಕೊಂಡು ಯೂನಿವರ್ಸಿಟಿಗೆ ಓಡಿದಳು.

ಗೈಡ್ ಮೇಡಂ ಉತ್ತರಪತ್ರಿಕೆಗಳ ಗುಡ್ಡೆಯ ಹಿಂದೆ ಕೂತಿದ್ದರು.

‘ಒಪ್ಪಿಗೆ ತಗೊಂಡಿದ್ದೀಯಾ?’

‘ತಗೊಂಡಿದ್ದೀನಿ ಮೇಡಂ.’

‘ಸಮಿತಿ ಪಾಸ್ ಮಾಡಿದೆಯಾ?’

‘ಮಾಡಿದೆ.’

‘ಹೆಸರು?’

‘ಬದಲಾಯಿಸಿದ್ದೀನಿ.’

‘ಮತ್ತೆ ಯಾಕಮ್ಮ ಹೀಗೆ ಬೆವರ್ತಿದ್ದೀಯ?’

‘ಹುಡುಕಿದ್ರೆ ಸಿಗ್ತಾರೆ ಮೇಡಂ.’

‘ಹುಡುಕೋರು ಯಾರು? ಪರೀಕ್ಷಕರಾ? ಅವರು ಓದಿದ್ರೇ ನಮ್ಮ ಪುಣ್ಯ.’

‘ಪರೀಕ್ಷಕರಲ್ಲ. ಅವರೇ. ಗುಂಪಿನವರೇ ಓದ್ತಿದ್ದಾರೆ.’

ಮೇಡಂ ಕೆಂಪು ಪೆನ್ನು ಕೆಳಗಿಟ್ಟರು. ಯಾರ ಮೇಲೆ ಬರೆದಿದೆಯೋ ಅವರೇ ಕೂತು ಓದುವುದು ಅವರ ಇಷ್ಟು ವರ್ಷದ ಕೆಲಸದಲ್ಲೂ ಆಗಿರಲಿಲ್ಲವೇನೋ.

‘ವೆಬ್‌ಸೈಟ್ ನೋಡ್ಕೊಳ್ಳೋನು ಸೋಮವಾರ ಬರ್ತಾನೆ. ತೆಗೆಸೋಣ. ಆದ್ರೆ ಆ ಭಾಗ ತೆಗೆದ್ರೆ ನಿನ್ನ ಪ್ರಬಂಧದ ಜೀವವೇ ಹೋಗುತ್ತೆ, ಗೊತ್ತಲ್ಲ?’

‘ಗೊತ್ತು ಮೇಡಂ.’

‘ಅವರಿಗೆ ಓದ್ಬೇಡಿ ಅಂತ ಹೇಳಿಬಿಡು.’

ಹೇಳಬಹುದಿತ್ತು. ಆದರೆ ಆ ಜನಕ್ಕೆ ‘ಆ ಪುಟ ಬೇಡ’ ಎಂದರೆ ಮೊದಲು ತೆರೆಯುವುದೇ ಆ ಪುಟ. ಅದು ಮೇಡಂಗೆ ಗೊತ್ತಿಲ್ಲ, ಅವಳಿಗೆ ಗೊತ್ತು.

ಮರುದಿನ ಊಟದ ತಟ್ಟೆಯ ಮುಂದೆ ಅವಳು ಸುಮ್ಮನೆ ಕೂತಿದ್ದನ್ನು ನೋಡಿ, ಹೊಲಿಗೆ ಮೆಷಿನ್ನಿನ ಹಿಂದಿನಿಂದ ಅಕ್ಕ ರಾಗ ಎಳೆದಳು. ‘ಆಟ ಆಡಿ ಡಾಕ್ಟರ್ ಆಗ್ತೀನಿ ಅಂದಿದ್ದೆಯಲ್ಲೇ ಪುಟ್ಟಿ. ನಿನ್ನ ಮುಖ ನೋಡಿದ್ರೆ ಪೇಷಂಟ್ ಥರ ಇದೆ.’

‘ಸುಮ್ನಿರೇ ಅಕ್ಕ.’

‘ನಾನು ಸುಮ್ನಿರ್ತೀನಿ. ನೀನು ನುಂಗು ಮೊದ್ಲು.’

ತಟ್ಟೆ ಪಕ್ಕಕ್ಕೆ ತಳ್ಳಿದಳು. ಕೋಣೆಗೆ ಹೋಗಿ ಬಾಗಿಲು ಹಾಕಿ ಆಟ ತೆರೆದಳು. ಎಲ್ಲರೂ ಆಗಲೇ ಬಂದಿದ್ದರು. ಬಂಡೆಯ ಹೆಸರಿನ ಪಕ್ಕ ಹಸಿರು ಚುಕ್ಕೆ, ಇಣಚಿಯದು ಬೂದು. ಕಾಳಗ ಶುರುವಾಯಿತು. ಅವಳು ಬಂಡೆಗೆ ಹಚ್ಚಬೇಕಾದ ಮದ್ದನ್ನು ಮರದ ಬುಡಕ್ಕೆ ಹಚ್ಚಿದಳು. ‘ಮುಲಾಮಕ್ಕ, ಮರಕ್ಕೆ ಜ್ವರವಾ?’ ಎಂದು ಬಂಡೆ ಬರೆದ. ಎಲ್ಲರೂ ನಕ್ಕರು. ಅವಳಿಗೆ ಅಳು ಬಂತು.

ಕೋಟೆ ಬೀಳುವ ಹೊತ್ತಿಗೆ ಇಣಚಿಯ ಚುಕ್ಕೆ ಹಸಿರಾಯಿತು. ‘ಡಬಲ್ ಡ್ಯೂಟಿ ಇತ್ತು. ಏನು ತುರ್ತು?’

ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಸುತ್ತಿಬಳಸದೆ ಎಲ್ಲ ಹೇಳಿದಳು: ಯಾವ ಮಾತು, ಯಾವ ಪ್ಯಾರಾ, ಹೇಗೆ ಸಿಕ್ಕಿಬೀಳುತ್ತದೆ.

ಇಣಚಿ ಓದಿದಳು. ಆಮೇಲೆ: ‘ಬರ್ಕೊಳ್ಳಿ ಅಂದಿದ್ದು ನಾನೇ. ನಿಮ್ಮ ಮೇಲೆ ಕೋಪ ಮಾಡ್ಕೊಳ್ಳೋಕೂ ಆಗ್ತಿಲ್ಲ. ಅದಕ್ಕೇ ಕೋಪ ಬರ್ತಿದೆ.’

‘ನಿಮಗೆ ಹೇಗೆ ಬೇಕೋ ಹಾಗೆ ಮಾಡ್ತೀನಿ.’

‘ಅವರು ಇನ್ನೊಬ್ಬರ ಬಾಯಲ್ಲಿ ಕೇಳಬಾರದು. ನಾನೇ ಹೋಗಿ ಹೇಳ್ತೀನಿ. ಈ ಮಂಗಗಳನ್ನ ಸ್ವಲ್ಪ ಹೊತ್ತು ಹಿಡಿದಿಡಿ. ಆಗುತ್ತಾ?’

‘ಹಿಡೀತೀನಿ.’

‘ಇನ್ನೊಂದು. ಆಮೇಲೆ ಏನಾಯ್ತು ಅಂತ ಕೇಳಬೇಡಿ. ಇದನ್ನ ನಿಮಗೆ ಹೇಳಲ್ಲ.’

ಇಣಚಿಯ ಚುಕ್ಕೆ ಬೂದಾಯಿತು.

ಅಷ್ಟರಲ್ಲಿ ತಲೆಹರಟೆ ಮೈಕು ಹಾಕಿ ಗಂಟಲು ಸರಿಮಾಡಿಕೊಂಡಿದ್ದ. ‘ಎಲ್ಲರೂ ಕೂತ್ಕೊಳ್ರಪ್ಪ, ಪುರಾಣ ಶುರು. ಮೊದಲನೇ ಪಾತ್ರ, ದಾಳಿಂಬೆ. “ಬೇರೆಯವರ ಮಾತಿಗೆ ಅಡ್ಡಬಾಯಿ ಹಾಕುವುದರಿಂದ ಗುಂಪಿನಲ್ಲಿ ಸ್ಥಾನ ಗಳಿಸಿದವನು.” ಯಾರಿದು ಮಾನಗೆಟ್ಟವನು?’

‘ನೀನೇ ಕಣೋ!’ ಐದಾರು ದನಿಗಳು ಒಟ್ಟಿಗೆ ಕೂಗಿದವು.

‘ಛೆ, ನಾನಾ? ಸರಿ, ಮುಂದೆ ದ್ರಾಕ್ಷಿ ಅಂತ ಒಬ್ಬಳಿದ್ದಾಳೆ...’

ಗುಂಪಿಗೆ ಬಂದು ಇಷ್ಟು ಕಾಲವಾದರೂ ಅವಳು ದನಿ ಕೇಳಿಸಿದವಳಲ್ಲ. ತರಗತಿಯಲ್ಲಿ ಹಾಜರಿ ಕೂಗಿದರೂ ಕಿವಿ ಕೆಂಪಾಗುವ ಜೀವ. ಈಗ ಮೈಕಿನ ಗುಂಡಿ ಒತ್ತಿದಳು.

‘ಒಂದು ನಿಮಿಷ.’

‘ಅಯ್ಯೋ! ಮುಲಾಮಿಗೆ ಬಾಯಿ ಬಂತು!’ ಎಂದ ತಲೆಹರಟೆ.

‘ನಾನು ಇಷ್ಟು ದಿನ ನಿಮ್ಮನ್ನ ಕೇಳಿದ್ದೀನಿ. ನನ್ನ ಬಗ್ಗೆ ನಿಮಗೆ ಒಂದೂ ಗೊತ್ತಿಲ್ಲ. ಓದೋದು ಆಮೇಲೆ ಇರಲಿ. ಈಗ ನೀವು ಕೇಳಿ, ನಾನು ಹೇಳ್ತೀನಿ. ಏನು ಬೇಕಾದ್ರೂ ಕೇಳಿ. ಸುಳ್ಳು ಹೇಳಲ್ಲ.’

ಗಾಳಕ್ಕೆ ಮೀನು ಸಿಕ್ಕಿತು. ‘ಇಷ್ಟು ದಿನ ಮೈಕು ಯಾಕೆ ಹಾಕಲಿಲ್ಲ?’ ಒಬ್ಬರು. ‘ಹೆದರಿಕೆ.’ ‘ಯಾರ ಹೆದರಿಕೆ?’ ‘ನನ್ನ ದನಿದೇ.’ ‘ನಮ್ಮ ಜೊತೆ ಆಡೋದು ಇಷ್ಟಾನೋ, ಬರೆಯೋಕೆ ಸಿಗುತ್ತೆ ಅಂತಾನೋ?’ ‘ಮೊದಲು ಬರೆಯೋಕೆ. ಆಮೇಲೆ ಇಷ್ಟ ಆಯ್ತು. ಬರೆಯೋದನ್ನ ಮಾತ್ರ ನಿಲ್ಲಿಸಲಿಲ್ಲ.’ ಇನ್ನೊಬ್ಬರು ಮಾತು ತಿರುಗಿಸಿದರು. ‘ಯಾರನ್ನಾದ್ರೂ ಪ್ರೀತಿಸಿದ್ದೀಯಾ?’ ‘ಹೂಂ.’ ‘ಹೇಳಿದ್ಯಾ?’ ‘ಇಲ್ಲ.’ ‘ಥೂ, ಹೇಳ್ಬೇಕಲ್ವಾ ಮಾರಾಯ್ತಿ!’ ಪ್ರಶ್ನೆಗಳು ಬರುತ್ತಲೇ ಇದ್ದವು. ಒಂದೊಂದು ಉತ್ತರಕ್ಕೂ ಮೈಮೇಲಿನ ಬಟ್ಟೆ ಒಂದೊಂದಾಗಿ ಕಳಚಿದಂತಾಗಿ, ಅವಳು ಕುರ್ಚಿಯಲ್ಲಿ ಕುಗ್ಗಿದಳು. ಇಷ್ಟೂ ದಿನ ಇವರೆಲ್ಲ ತನ್ನೆದುರು ಹೀಗೇ ನಿಂತಿದ್ದರಲ್ಲವೇ?

ಕಣ್ಣು ಮಾತ್ರ ಬಂಡೆಯ ಮೇಲೆ. ಬಿದ್ದ ಕೋಟೆಯ ಬಾಗಿಲಲ್ಲಿ ಅವನು ನಿಂತಲ್ಲೇ ನಿಂತಿದ್ದ. ಪ್ರಶ್ನೆ ಕೇಳಲಿಲ್ಲ, ಚಟಾಕಿ ಹಾರಿಸಲಿಲ್ಲ. ಹೆಚ್ಚು ಹೊತ್ತು ಅಲುಗದವರನ್ನು ಆಟವೇ ಕೂರಿಸಿಬಿಡುತ್ತದೆ. ಬಂಡೆ ಮಂಡಿಯೂರಿ ಕೂತ. ಕೀಲಿಮಣೆಯ ಮುಂದೆ ಯಾರೂ ಇಲ್ಲ ಎಂದರ್ಥ.

‘ಸಾಕಪ್ಪ, ಅವಳನ್ನ ಬಿಡಿ’ ಎಂದ ತಲೆಹರಟೆ. ‘ದ್ರಾಕ್ಷಿ ಕಾಯ್ತಿದ್ದಾಳೆ. ಓದ್ತೀನಿ. “ಊರವರ ಫೋನಿಗೆಲ್ಲ...”’

ಆಗ ಬಂಡೆಯ ಹೆಸರಿನ ಪಕ್ಕ ಮೈಕಿನ ಗುರುತು ಹೊತ್ತಿಕೊಂಡಿತು.

ಮೊದಲು ಕೇಳಿದ್ದು ಉಸಿರು. ‘ಆ... ಆ ಪ... ಪು...’

‘ಯಾರದು? ಬಂಡೆಯಾ? ಪು... ಪುಟಾನಾ? ಪುಸ್ತಕ...’ ತಲೆಹರಟೆ ಅಡ್ಡಬಾಯಿ ಹಾಕಿದ.

‘ತಡಿ!’ ಎಂದಳು ಅವಳು. ತನ್ನ ದನಿ ಅಷ್ಟು ಗಟ್ಟಿಯಾಗಿ ಬರಬಲ್ಲದೆಂದು ಅವಳಿಗೇ ಗೊತ್ತಿರಲಿಲ್ಲ. ‘ಅವರು ಹೇಳಲಿ.’

ಎಲ್ಲರೂ ತಡೆದರು. ಉಸಿರು ಏರಿತು, ಇಳಿಯಿತು. ಆ ಕಡೆ ಯಾವುದೋ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು. ಹತ್ತಿರ ಸರಿದದ್ದೋ ದೂರ ಸರಿದದ್ದೋ ಅವಳಿಗೆ ತಿಳಿಯಲಿಲ್ಲ. ಹೆಣ್ಣುದನಿ ಒಂದೂ ಕೇಳಲಿಲ್ಲ.

‘ಆ ಪು... ಪುಟ... ಓದ... ಓದಬೇಡಿ. ಅದು... ನ... ನಮ್ಮನೆ ವಿಷಯ.’

ಸಿಟ್ಟಿನ ಮಾತೋ, ನೊಂದ ಮಾತೋ, ಅಥವಾ ಹೆಂಡತಿಗೆ ಅಡ್ಡನಿಂತು ಏಟು ತಿನ್ನುವ ಮಾತೋ, ಹೇಳುವುದು ಹೇಗೆ? ತಡವರಿಸುವ ದನಿಯಲ್ಲಿ ಎಲ್ಲವೂ ಒಂದೇ ಥರ ಕೇಳಿಸುತ್ತಿತ್ತು. ಅವಳಿಗೆ ಅವನ ಟೈಪ್ ಮಾಡಿದ ಮಾತಿನ ಗುಟ್ಟುಗಳೆಲ್ಲ ಗೊತ್ತಿದ್ದವು; ಈ ದನಿಯ ಗುಟ್ಟು ಒಂದೂ ಗೊತ್ತಿರಲಿಲ್ಲ. ಮೈಕಿನ ಗುರುತು ಆರಿತು. ಅದರ ಬೆನ್ನಿಗೇ ಹಸಿರು ಚುಕ್ಕೆಯೂ.

‘ಸರಿ ಗುರು’ ಎಂದ ತಲೆಹರಟೆ, ಇಲ್ಲದವನಿಗೆ. ಎಂದೂ ಇಲ್ಲದಷ್ಟು ಮೆತ್ತಗೆ. ‘ಮುಚ್ಚಿದೆ. ಯಾರೂ ಕೆದಕಬೇಡ್ರಪ್ಪ.’ ಮತ್ತೆ, ‘ಮುಲಾಮಕ್ಕ, ಏನಿದು? ನಿನಗೆ ಗೊತ್ತಲ್ವಾ?’

‘ಗೊತ್ತಿರೋದನ್ನ ಹೇಳಲ್ಲ’ ಎಂದಳು. ‘ಮುಂದೇನಾಯ್ತು ಅಂತ ನನಗೂ ಗೊತ್ತಿಲ್ಲ.’

ಒಬ್ಬೊಬ್ಬರೇ ಎದ್ದುಹೋದರು. ಅವಳು ಮಾತ್ರ ಬಿದ್ದ ಕೋಟೆಯ ಬಾಗಿಲಲ್ಲಿ, ಎರಡು ಬೂದು ಚುಕ್ಕೆಗಳನ್ನು ನೋಡುತ್ತ ಕೂತಳು. ‘ಏನಾಯ್ತು?’ ಎಂದು ಬೆರಳು ಎರಡು ಸಲ ಟೈಪ್ ಮಾಡಿತು. ಎರಡು ಸಲವೂ ಅಳಿಸಿದಳು. ಹೊರಗೆ ಅಕ್ಕನ ಮೆಷಿನ್ನು ನಿಂತಿತ್ತು.

‘ಪುಟ್ಟಿ, ಯಾರ ಜೊತೆ ಅಷ್ಟು ಜೋರಾಗಿ ಮಾತಾಡಿದ್ದು?’ ಬಾಗಿಲ ಆಚೆಯಿಂದ ಅಕ್ಕ ಕೇಳಿದಳು.

ಅವಳು ಉತ್ತರ ಕೊಡಲು ಬಾಯಿ ತೆರೆದಳು. ಮೊದಲ ಪದ ಬರಲು ತುಸು ಹೊತ್ತು ಹಿಡಿಯಿತು. ಅಕ್ಕ ಕಾದಳು.