ಅಪ್ಪನ ಮಾತು, ಮಂತ್ರಿಗಳ ಬಾಯಿ

ನಮ್ಮ ಮಂತ್ರಿಗಳಿಗೆ ದೇವರ ಮೇಲೆ ನಂಬಿಕೆ ಇತ್ತೋ ಇಲ್ಲವೋ ಗೊತ್ತಿಲ್ಲ, ಚಪ್ಪಾಳೆಯ ಮೇಲಂತೂ ಇತ್ತು. ಅವರ ಭಾಷಣ ಬರೆಯುವವಳು ನಾನು. "ಸ್ವಲ್ಪ ಚರ್ಚಿನ ವಾಸನೆ ಇರ್ಲಿ ಕಣಮ್ಮ, ಜನ ಕರಗ್ತಾರೆ. ಆದ್ರೆ ಪಾದ್ರಿಗಳ ಪ್ರಸಂಗ ಆಗ್ಬಾರ್ದು" ಎನ್ನುತ್ತಿದ್ದರು. ಕರುಣೆ, ಕ್ಷಮೆ, ನೆರೆಯವನು ಎಂದು ಮೇಲೆ ನಾಲ್ಕು ಪದ ಉದುರಿಸಿದರೆ ಮುಗಿಯಿತು, ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ.

ಆ ಪದಗಳು ನನ್ನವಲ್ಲ, ಅಪ್ಪನವು. ಅಪ್ಪ ಮೂವತ್ತು ವರ್ಷ ಒಂದೇ ಚರ್ಚಿನಲ್ಲಿ ಪಾದ್ರಿ, ಎಲ್ಲರ ಬಾಯಲ್ಲಿ ಅಯ್ಯನವರು. ಕೈ ನಡುಗುವ ಕಾಯಿಲೆ ಬಂದ ಮೇಲೆ ಅವರು ಬರೆದದ್ದು ಅವರಿಗೇ ಓದಲಾಗುತ್ತಿರಲಿಲ್ಲ. ಪ್ರತಿ ಬುಧವಾರ ಸಂಜೆ ನಾನು ಹೋಗಿ, ಅವರು ಹೇಳಿದ ಹಾಗೆ ಭಾನುವಾರದ ಪ್ರಸಂಗವನ್ನು ದಪ್ಪಕ್ಷರದಲ್ಲಿ ಟೈಪ್ ಮಾಡಿಕೊಡುತ್ತಿದ್ದೆ. ಬರುವಾಗ ಒಳ್ಳೆಯ ವಾಕ್ಯವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತಿದ್ದೆ. ಕಳ್ಳತನ ಅನ್ನಿಸಲಿಲ್ಲ, ಮನೆಯ ಮಾತು ತಾನೇ. ಕೈ ಕೆಸರಾದದ್ದು ಅಪ್ಪನದು, ಬಾಯಿ ಮೊಸರಾದದ್ದು ಮಂತ್ರಿಗಳದು. ನನಗೆ ಕಚೇರಿಯಲ್ಲಿ ಕಿಟಕಿಯಿರುವ ಕೋಣೆ ಸಿಕ್ಕಿತು.

ಒಂದು ನೇಮ ಮಾತ್ರ ಇಟ್ಟುಕೊಂಡಿದ್ದೆ. ಭಾನುವಾರ ಕಳೆಯುವ ತನಕ ಆ ವಾಕ್ಯ ಮುಟ್ಟಬಾರದು. ಅಪ್ಪ ಹೇಳಿದ್ದನ್ನೇ ವಾರದ ಮೇಲೆ ಮಂತ್ರಿಗಳು ಹೇಳಿದರೂ ಚರ್ಚಿನ ಸಭೆಯವರಿಗೆ ಗುರುತು ಹತ್ತುತ್ತಿರಲಿಲ್ಲ. ಅವರು ಪ್ರಸಂಗದ ಹೊತ್ತಿಗೆ ತೂಕಡಿಸುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲವಲ್ಲ!

ಚರ್ಚಿನ ಹಿಂದಿನ ಹಾಲ್‌ನಲ್ಲಿ ಮನೆಮಠವಿಲ್ಲದ ಇಪ್ಪತ್ತೆರಡು ಜನ ಮಲಗುತ್ತಿದ್ದರು. ಅಪ್ಪ ಈ ಲೋಕದಲ್ಲಿ ಸಂಪಾದಿಸಿದ್ದು ಅಂತಿದ್ದರೆ ಅದೊಂದೇ. ಅಕ್ಕಪಕ್ಕದವರಿಗೆ ಅಲ್ಲಿ ಮಲಗುವವರನ್ನು ಕಂಡರಾಗದು. ಆ ಹೊತ್ತಿಗೆ ಸರಿಯಾಗಿ ನಮ್ಮ ಮಂತ್ರಿಗಳು ಹೊಸ ನಿಯಮ ತಂದರು: ಬಡಾವಣೆಯೊಳಗೆ ಇಂಥ ಜಾಗ ನಡೆಯಬೇಕಾದರೆ ಕಟ್ಟಡದ ಮಾಲೀಕರು ಹೊಸದಾಗಿ ಒಪ್ಪಿಗೆ ಬರೆದುಕೊಡಬೇಕು. ಭಾನುವಾರ ಆರಾಧನೆ ಮುಗಿದ ಕೂಡಲೇ ಒಪ್ಪಿಗೆ ಕೊಡುವುದೋ ಹಾಲ್ ಮುಚ್ಚುವುದೋ ಎಂದು ಚರ್ಚಿನ ಹದಿನಾಲ್ಕು ಮಂದಿ ಹಿರಿಯರು ಕೈಯೆತ್ತಿ ತೀರ್ಮಾನಿಸುವುದೆಂದಾಯಿತು. ಅವರ ಮನಸ್ಸು ತಿರುಗಿಸಲು ಅಪ್ಪನಿಗೆ ಇದ್ದದ್ದು ಆ ಒಂದು ಪ್ರಸಂಗ.

ಬುಧವಾರ ಅಪ್ಪ ಹೇಳಿ ಬರೆಸಿದರು: "ಬಾಗಿಲ ಬೆಲೆ ಒಳಗಿರುವವನಿಗೆ ತಿಳಿಯದು, ಹೊರಗೆ ನಿಂತವನನ್ನು ಕೇಳಿ." ಟೈಪ್ ಮಾಡಿದ ಮೇಲೂ ಆ ಸಾಲನ್ನು ಎರಡು ಸಲ ಓದಿಕೊಂಡೆ.

ಗುರುವಾರ ಮಂತ್ರಿಗಳು ತಲೆ ತಿಂದರು. "ನಾಳೆ ಹೊಸ ನಿಯಮದ ಸಭೆ. ಜನರ ಬಾಯಲ್ಲಿ ನಿಲ್ಲೋ ಥರ ಒಂದು ಮಾತು ಕೊಡು." ನೇಮವನ್ನು ಗಾಳಿಗೆ ತೂರಿ ಅದನ್ನೇ ಕೊಟ್ಟೆ. ತಿರುಚಿದವಳೂ ನಾನೇ. ಹೊರಗೆ ನಿಂತವನೆಂದರೆ ವರ್ಷಗಟ್ಟಲೆ ಬಾಡಿಗೆ ಮನೆ ಅಲೆದು, ದುಡಿದು ಕೊನೆಗೆ ಸ್ವಂತ ಮನೆ ಮಾಡಿಕೊಂಡವನು, ಅವನ ಬಾಗಿಲನ್ನು ನಮ್ಮ ನಿಯಮ ಕಾಯುತ್ತದೆ ಎಂದು ಬರೆದೆ. ಶುಕ್ರವಾರ ಸಂಜೆಯೊಳಗೆ ಆ ಮಾತು ಎಲ್ಲರ ಫೋನಿನಲ್ಲಿ ಓಡಾಡುತ್ತಿತ್ತು. ಶನಿವಾರವಾದರೂ ಅಪ್ಪನಿಗೆ ಹೇಳಬಹುದಿತ್ತು. ಮುಖ ತೋರಿಸಲು ನಾಚಿಕೆ. ಅಪ್ಪ ಟಿವಿ ನೋಡುವುದಿಲ್ಲ, ಬಿಡು ಎಂದುಕೊಂಡೆ. ಚರ್ಚಿನವರು ನೋಡುತ್ತಾರಲ್ಲ ಎಂಬುದು ಈ ಮಹಾ ಬುದ್ಧಿವಂತೆಗೆ ಹೊಳೆಯಲಿಲ್ಲ.

ಆ ಭಾನುವಾರ ಯಾರೂ ತೂಕಡಿಸಲಿಲ್ಲ. ಅಪ್ಪ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು "ಬಾಗಿಲ ಬೆಲೆ" ಎಂದದ್ದೇ ತಡ, ಮುಂದಿನ ಸಾಲಿನವರು ನಕ್ಕು ಉಳಿದದ್ದನ್ನು ತಾವೇ ಹೇಳಿ ಮುಗಿಸಿದರು. ಅಪ್ಪ ಕಕ್ಕಾಬಿಕ್ಕಿಯಾದರು. ಆಮೇಲೆ ಅವರು ಏನು ಓದಿದರೂ ಯಾರ ಕಿವಿಗೂ ಬೀಳಲಿಲ್ಲ.

ಹಿರಿಯರಲ್ಲಿ ಮುಖ್ಯಸ್ಥ ಕಬ್ಬಿಣದ ಅಂಗಡಿಯ ಯಜಮಾನ. ಎದ್ದು ನಿಂತು ಕೇಳಿದ: "ಅಯ್ನೋರೇ, ಮಂತ್ರಿಗಳ ಮಾತೇ ಅಲ್ವಾ ಇದು? ಅವರ ಭಾಷಣದಿಂದ ತಗೊಂಡ್ರಾ?"

ಅಪ್ಪ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರಿಗೆ ಅಷ್ಟು ಸಾಕಾಯಿತು.

"ಹೌದು," ಎಂದರು. "ಅಲ್ಲಿಂದಲೇ ತಗೊಂಡೆ."

"ಮತ್ತಿನ್ನೇನು! ಅಯ್ನೋರೇ ಮಂತ್ರಿಗಳ ಕಡೆ ಅಂದ್ಮೇಲೆ ನಮ್ಮದೇನು ಅಡ್ಡಿ?" ಎಂದ ಯಜಮಾನ. ಮುಚ್ಚುವುದಕ್ಕೆ ಹನ್ನೊಂದು ಕೈ ಎದ್ದವು. ಬುಧವಾರದೊಳಗೆ ಇಪ್ಪತ್ತೆರಡು ಜನರೂ ಹಾಸಿಗೆ ಸುತ್ತಿಕೊಂಡು ಹೋದರು. ಎಲ್ಲಿಗೆಂದು ನಮಗೆ ಯಾರಿಗೂ ಗೊತ್ತಿಲ್ಲ.

ಆ ಬುಧವಾರ ಸಂಜೆ ಅಪ್ಪನ ಮುಂದೆ ಅತ್ತೆ. "ಎಲ್ಲರ ಮುಂದೆ ನಿಜ ಹೇಳಿಬಿಡ್ತೀನಿ ಅಪ್ಪಾ."

"ಹೇಳಿದ್ರೆ ನಿನ್ನ ಕೆಲಸ ಹೋಗತ್ತೆ. ಹೋದವರು ವಾಪಸ್ ಬರ್ತಾರಾ?"

"ಇಲ್ಲ."

"ಮತ್ತೆ ಯಾರಿಗೋಸ್ಕರ ಹೇಳ್ತೀಯಮ್ಮಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿತು. "ನಾನು ಪ್ರಸಂಗದ ಪೀಠದಲ್ಲಿ ನಿಂತು ಸುಳ್ಳು ಹೇಳ್ದೆ. ಇನ್ನು ಆ ಮೆಟ್ಟಿಲು ಹತ್ತೋಕಾಗಲ್ಲ." ಮರುದಿನವೇ ರಾಜೀನಾಮೆ ಕೊಟ್ಟರು.

ಸುದ್ದಿ ಮಂತ್ರಿಗಳಿಗೂ ತಲುಪಿತು. ತಮ್ಮ ಮಾತನ್ನು ಪ್ರಸಂಗದಲ್ಲಿ ಹೇಳಿದ ಅಯ್ಯನವರಿಗೆ ಒಂದು ಅಭಿನಂದನಾ ಪತ್ರ ಹೋಗಲಿ ಎಂದರು. ಅವರು ನನ್ನ ಅಪ್ಪ ಎಂದು ನಾನು ಬಾಯಿ ಬಿಡಲಿಲ್ಲ. ಮಂತ್ರಿಗಳ ಹೆಸರಲ್ಲಿ ಪತ್ರ ಬರೆದೆ. ಮೂವತ್ತು ವರ್ಷದ ಸೇವೆ, ತ್ಯಾಗ, ಸರಳತೆ ಎಲ್ಲ ಬಂತು. ಕೊನೆಗೆ, ಹೇಗೋ ಧೈರ್ಯ ಮಾಡಿ, ಒಂದು ಸಾಲು ಸೇರಿಸಿದೆ: "ನಾನು ಇದುವರೆಗೆ ಆಡಿದ ಒಳ್ಳೆಯ ಮಾತುಗಳೆಲ್ಲ ನಿಮ್ಮವೇ."

ಮಂತ್ರಿಗಳು ಓದಿದರು. "ಇದು ಸ್ವಲ್ಪ ಅತಿಯಾಯ್ತು ಕಣಮ್ಮ," ಎಂದು ಆ ಸಾಲಿನ ಮೇಲೆ ಗೆರೆ ಎಳೆದರು. ಅದನ್ನು ಬಿಟ್ಟು ಹೊಸದಾಗಿ ಟೈಪ್ ಮಾಡಿ ಸಹಿಗೆ ಇಟ್ಟೆ.