ಮೂರೂವರೆ ಗೋಡೆ

ನಾನು ಒಂದು ಮನೆ. ಹಾಗೆಂದು ಎದೆಯುಬ್ಬಿಸಿ ಹೇಳಿಕೊಳ್ಳಲು ಹೋದರೆ ಪಕ್ಕದಿಂದ ಯಾರಾದರೂ ಕೆಮ್ಮುತ್ತಾರೆ. ಇರಲಿ, ನಿಜವನ್ನೇ ಹೇಳಿಬಿಡುತ್ತೇನೆ. ನಾನು ಜೋಡಿಮನೆಯ ಎಡಗಡೆಯ ಅರ್ಧ. ಮೂರು ಗೋಡೆ ಪೂರ್ತಿ ನನ್ನವು, ನಾಲ್ಕನೆಯದು ಪಕ್ಕದ ಮನೆಯೊಂದಿಗೆ ಪಾಲಿನದು. ಒಟ್ಟು ಮೂರೂವರೆ ಗೋಡೆ.

ನನ್ನನ್ನು ಹುಟ್ಟಿಸಿದವರು ಗೌರಿ ಬಸ್ಸಿನ ಡ್ರೈವರ್ ಜವರಪ್ಪ ಮತ್ತು ಅದೇ ಬಸ್ಸಿನ ಕಂಡಕ್ಟರ್ ಸೋಮಾಚಾರಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಈ ಜಾಣರು ಅರ್ಧರ್ಧ ಕಟ್ಟಿ ನೋಡಿದರು. ಹುಣಸೆಕಟ್ಟೆ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದೇ ಸೈಟು, ಒಂದೇ ಪಾಯ, ನಡುವೆ ಒಂದೇ ಗೋಡೆ.

"ಒಂದು ಗೋಡೆ ಖರ್ಚು ಉಳೀತಲ್ಲ ಆಚಾರಿ!" ಎಂದು ಜವರಪ್ಪ ಹಿಗ್ಗಿದ.

"ಉಳಿದ ಇಟ್ಗೇಲಿ ಉದ್ದಕ್ಕೆ ಒಂದು ಜಗಲಿ ಮಾಡ್ಸವ ಜವರಪ್ಪಣ್ಣ, ಸಂಜೆ ಕೂತ್ಕಳಕ್ಕೆ" ಎಂದ ಸೋಮಾಚಾರಿ. ಹಾಗೇ ಆಯಿತು.

ಬಸ್ಸಿನ ಕಾನೂನೇ ಮನೆಗೂ ಬಂತು. ಬೆಳಗ್ಗೆ ಗೋಡೆಯಾಚೆಯಿಂದ ಆಚಾರಿಯ ಕಂಡಕ್ಟರ್ ವಿಸಿಲ್ಲಿನ ಎರಡು ಸಿಳ್ಳೆ ಕೇಳಿದರೆ 'ರೈಟ್, ಹೊರಡು' ಎಂದರ್ಥ. ಒಂದೇ ಉದ್ದನೆಯ ಸಿಳ್ಳೆ ಕೇಳಿದರೆ 'ಹೋಲ್ಡಾನ್, ನಿಲ್ಲಿಸು'. ಅಂದರೆ ಆಚಾರಿಗೆ ಇನ್ನೂ ಚಪ್ಪಲಿ ಸಿಕ್ಕಿಲ್ಲ. ಆ ಒಂದು ಸಿಳ್ಳೆ ಕಿವಿಗೆ ಬಿದ್ದರೆ ಸಾಕು, ಜವರಪ್ಪ ಊಟಕ್ಕೆ ಕೂತಿರಲಿ, ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿರಲಿ, ಅವನ ಬಲಗಾಲು ಬ್ರೇಕು ಒತ್ತುತ್ತಿತ್ತು. ಮನೆಯಲ್ಲಿ ಬ್ರೇಕು ಎಲ್ಲಿಂದ ಬರಬೇಕು? ನನ್ನ ನೆಲವೇ ಬ್ರೇಕು! ಅವನ ಕುರ್ಚಿಯ ಮುಂದೆ ಗಾರೆ ಸವೆದು ಹಳ್ಳ ಬಿದ್ದಿದೆ, ಬೇಕಾದರೆ ಬಂದು ನೋಡಿ. ಇಬ್ಬರೂ ಕೆಲಸ ಬಿಟ್ಟ ಮೇಲೂ ಸಿಳ್ಳೆ ಮಾತ್ರ ನಿಲ್ಲಲಿಲ್ಲ. ಎರಡು ಸಿಳ್ಳೆಗೆ ಹೊರಟು ಹೋಟೆಲಿಗೆ ಕಾಫಿಗೆ ಹೋಗುತ್ತಿದ್ದರು.

ಗ್ರಹಚಾರ ಮೊಳೆಯ ರೂಪದಲ್ಲಿ ಬಂತು. ಜವರಪ್ಪ ಗೌರಿ ಬಸ್ಸಿನ ಫೋಟೋಕ್ಕೆ ಕಟ್ಟು ಹಾಕಿಸಿ ತಂದ. ಗ್ಯಾರೇಜಿನಿಂದ ಗೇಣುದ್ದದ ಮೊಳೆ ತಂದು ಪಾಲಿನ ಗೋಡೆಗೇ ಹೊಡೆದ. ಅಯ್ಯೋ, ನನಗೆ ಹಲ್ಲು ಕೀಳಿಸಿಕೊಂಡ ಹಾಗಾಯಿತು! ಆ ಕಡೆ ಆಚಾರಿಯ ಹೆಂಡತಿ ಆಗಷ್ಟೇ ಹಾಕಿಟ್ಟಿದ್ದ ಉಪ್ಪಿನಕಾಯಿಯ ಜಾಡಿಯೊಳಗೆ ನನ್ನ ಗಾರೆಯೆಲ್ಲ ಉದುರಿತು.

"ನಿನ್ನ ಮೊಳೆ ನಮ್ಮನೆ ಒಳಕ್ಕೆ ಇಣುಕ್ತಾ ಅದೆ!" ಎಂದು ಆಚಾರಿ ಓಡಿಬಂದ.

"ನನ್ನ ಗೋಡೆ, ನನ್ನ ಮೊಳೆ!"

"ಅರ್ಧ ಗೋಡೆ ನಿಂದು. ಮೊಳೇನೂ ಅರ್ಧಕ್ಕೇ ನಿಲ್ಲಿಸ್ಬೇಕಿತ್ತು!"

ಅಷ್ಟೇ. ಗಂಡಸರು ಮಾತು ಬಿಟ್ಟರು. ಹೆಂಗಸರು ಬಿಡಲಿಲ್ಲ, ಹಿತ್ತಿಲಲ್ಲಿ ಸಾರಿನ ಬಟ್ಟಲುಗಳು ಓಡಾಡುತ್ತಲೇ ಇದ್ದವು. ಜಗಲಿಯ ಒಂದು ತುದಿಯಲ್ಲಿ ಇವನು, ಇನ್ನೊಂದು ತುದಿಯಲ್ಲಿ ಅವನು, ಇಬ್ಬರ ಮುಖವೂ ಊದಿಕೊಂಡಿತ್ತು. ಸಿಳ್ಳೆ ನಿಂತುಹೋಯಿತು. ನನಗಂತೂ ಬೆಳಗಾಯಿತೋ ಇಲ್ಲವೋ ಎಂದೇ ತಿಳಿಯುತ್ತಿರಲಿಲ್ಲ.

ಕೊನೆಗೆ ಜವರಪ್ಪ ಹೆಂಡತಿ ಲಕ್ಕಮ್ಮನಿಗೆ ಹೇಳಿದ: "ಇದನ್ನ ಮಾರ್ಬುಟ್ಟು ತಾಲ್ಲೂಕಲ್ಲಿ ಮನೆ ತಗತೀನಿ. ನಾಕೂ ಗೋಡೆ ನಂದೇ ಇರಬೇಕು."

"ಕೋಪದಲ್ಲಿ ಕುಯ್ಕಂಡ ಮೂಗು ಆಮೇಲೆ ಬತ್ತದಾ?" ಎಂದಳು ಲಕ್ಕಮ್ಮ. "ನಾಕು ಗೋಡೆ ಇಟ್ಕಂಡು ಯಾರ ಜೊತೆ ಕಾಫಿ ಕುಡೀತೀರಾ?"

ಅವನು ಕೇಳಲಿಲ್ಲ. 'ಮನೆ ಮಾರಾಟಕ್ಕಿದೆ' ಎಂಬ ಹಲಗೆಯನ್ನು ನನ್ನ ಕುತ್ತಿಗೆಗೆ ಕಟ್ಟೇಬಿಟ್ಟ.

ಬ್ರೋಕರ್ ನಿಂಗರಾಜು ಒಬ್ಬ ಸಾಹುಕಾರನನ್ನು ಕರೆತಂದ. "ಎದುರಿಗೆ ಬಸ್‌ಸ್ಟ್ಯಾಂಡು, ಪಕ್ಕದಲ್ಲಿ ಬ್ಯಾಂಕು, ಹಿಂದ್ಗಡೆ ಡೇರಿ, ಕೂಗಳತೇಲಿ ಸ್ಕೂಲು, ಆಸ್ಪತ್ರೆ. ಹುಟ್ಟಕ್ಕೂ ಅನುಕೂಲ, ಸಾಯಕ್ಕೂ ಅನುಕೂಲ ಸಾರ್!" ಎಂದು ಹಾಡಿದ. ನಾನು ಇಷ್ಟು ದೊಡ್ಡ ಮನುಷ್ಯ ಎಂದು ನನಗೇ ಗೊತ್ತಿರಲಿಲ್ಲ, ಬೀಗಿಹೋದೆ.

ಸಾಹುಕಾರ ನನ್ನ ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದ. "ಜಾಗ ಚೆನ್ನಾಗಿದೆ. ಇದನ್ನ ಕೆಡವಿ ಮಳಿಗೆ ಹಾಕಿಸ್ತೀನಿ."

ನನ್ನ ಜೀವ ಬಾಯಿಗೆ ಬಂತು. ಜವರಪ್ಪನ ಮುಖವೂ ಬಿಳಿಚಿಕೊಂಡಿತು. "ಕೆಡವ್ತೀರಾ?" ಎಂದ.

"ಮಾರಿದ ಮೇಲೆ ಅವರಿಷ್ಟ ಅಲ್ವಾ? ಒಪ್ಕೊಂಡಿದ್ದಾಗಿದೆ, ಮುಗಿಸಿಬಿಡಿ" ಎಂದು ನಿಂಗರಾಜು ಅವಸರ ಮಾಡಿದ. "ಎಲೆಅಡಿಕೆ ತನ್ನಿ ತಾಯಿ, ಶಾಸ್ತ್ರ ಆಗ್ಲಿ."

ನಮ್ಮಲ್ಲಿ ಎಲೆ ಎಲ್ಲಿದೆ? ಎಲೆಬಳ್ಳಿ ಇರುವುದು ಆಚಾರಿಯ ಹಿತ್ತಿಲಲ್ಲಿ. ಲಕ್ಕಮ್ಮ ಅಲ್ಲಿಗೆ ಹೋದಳು. ಎಲೆ ಕೀಳುವುದಕ್ಕೆ ಎಷ್ಟು ಹೊತ್ತು ಬೇಕು? ಅವಳು ಅದರ ಎರಡರಷ್ಟು ಹೊತ್ತು ಮಾಡಿ ಕಣ್ಣೊರೆಸಿಕೊಳ್ಳುತ್ತಾ ಬಂದಳು.

ಸಾಹುಕಾರ ಎಲೆಅಡಿಕೆಯ ಮೇಲೆ ಮುಂಗಡವಿಟ್ಟು ತಟ್ಟೆ ಚಾಚಿದ. ಜವರಪ್ಪನ ಕೈ ಮುಂದೆ ಬಂತು.

ಆಗ ಗೋಡೆಯಾಚೆಯಿಂದ ಸಿಳ್ಳೆ ಕೇಳಿಸಿತು. ಒಂದೇ ಸಿಳ್ಳೆ, ಉದ್ದನೆಯದು.

ಜವರಪ್ಪನ ಬಲಗಾಲು ನನ್ನ ನೆಲದ ಹಳ್ಳವನ್ನು ಗಕ್ಕನೆ ಒತ್ತಿತು. ಕೈ ಅಲ್ಲೇ ನಿಂತಿತು. ನಾನೂ ಉಸಿರು ಹಿಡಿದು ನಿಂತೆ.

"ಏನಾಯ್ತು ರೀ?" ಎಂದ ಸಾಹುಕಾರ.

ಜವರಪ್ಪ ಅವನತ್ತ ನೋಡಲೇ ಇಲ್ಲ. ಗೋಡೆಯತ್ತ ತಿರುಗಿ, ಡ್ರೈವರ್ ಸೀಟಿನಿಂದ ಕೂಗುವ ಹಳೆಯ ದನಿಯಲ್ಲೇ ಕೂಗಿದ: "ಯಾರು ಇಳೀಬೇಕು?"

ಆ ಕಡೆಯಿಂದ ಆಚಾರಿಯ ದನಿ ಬಂತು. "ಯಾರೂ ಇಳಿಯಂಗಿಲ್ಲ ಜವರಪ್ಪಣ್ಣ. ಸೀಟಲ್ಲಿ ಕೂತ್ಕೋ."

ಜವರಪ್ಪ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ. "ಬೇಜಾರು ಮಾಡ್ಕಬೇಡಿ ಸ್ವಾಮಿ. ಕಂಡಕ್ಟರ್ ಹೋಲ್ಡಾನ್ ಅಂದ್ಮೇಲೆ ಗಾಡಿ ಹೋಗಕಿಲ್ಲ."

"ಯಾವ ಗಾಡಿ?" ಎಂದು ಸಾಹುಕಾರ ಬೆಪ್ಪಾದ. ನಿಂಗರಾಜು ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ಎರಡು ಸಿಳ್ಳೆ ಕೇಳಿಸಿತು. ಜವರಪ್ಪ ಚಪ್ಪಲಿ ಮೆಟ್ಟಿ ಹೊರಟೇ ಹೋದ. ಬಂದವರಿಗೆ ಲಕ್ಕಮ್ಮನೇ ಮಜ್ಜಿಗೆ ಕೊಟ್ಟು ಕಳಿಸಿದಳು.

ಈಗ ನನಗೂ ವಯಸ್ಸಾಯಿತು. ಹೆಂಚು ಸೋರುತ್ತದೆ, ಬಾಗಿಲು ನರಳುತ್ತದೆ. ಮಾರಾಟದ ಹಲಗೆ ಬಚ್ಚಲಲ್ಲಿ ನೀರಿನ ಡ್ರಮ್ಮಿಗೆ ಮುಚ್ಚಳವಾಗಿದೆ. ಮೊಳೆ ಮಾತ್ರ ಅಲ್ಲೇ ಇದೆ. ಈ ಕಡೆ ಅದಕ್ಕೆ ಗೌರಿ ಬಸ್ಸಿನ ಫೋಟೋ ತೂಗುತ್ತದೆ, ಆ ಕಡೆ ಇಣುಕುವ ತುದಿಗೆ ಆಚಾರಿ ತನ್ನ ವಿಸಿಲ್ಲನ್ನು ನೇತುಹಾಕಿದ್ದಾನೆ. ನಾಲ್ಕು ಗೋಡೆಯ ಮನೆಗಳು ಊರಲ್ಲಿ ಬೇಕಾದಷ್ಟಿವೆ, ಇರಲಿ. ನನಗೆ ಈ ಅರ್ಧ ಗೋಡೆಯೇ ಸಾಕು.

ಈಗಲೂ ಬಸ್ಸಿಳಿದವರು ಯಾರಾದರೂ ಬಂದು, "ಮನೆ ಕೊಡ್ತೀರಂತಲ್ಲ?" ಎಂದು ಕೇಳುವುದುಂಟು. ಜವರಪ್ಪ ಕುರ್ಚಿಯಿಂದ ಏಳದೆ ಗೋಡೆಯ ಕಡೆ ಕೈ ತೋರಿಸುತ್ತಾನೆ.

"ನನ್ನ ಕೇಳಬ್ಯಾಡಿ ಸ್ವಾಮಿ. ಕಂಡಕ್ಟರ್‌ನ ಕೇಳಿ."